ಇಂಗ್ಲೆಂಡಿನಲ್ಲಿ ಓಂಬುಡ್ಸ್‌ಮನ್‌ಗೆ ದೂರು ಕೊಟ್ಟರೆ ಪಕ್ಕದ ಮನೆಯವರ ಪ್ಲಾನಿಂಗ್ ಅನುಮತಿ ರದ್ದಾಗುತ್ತದೆಯೇ?

ಇಲ್ಲ. ಕೌನ್ಸಿಲ್ (ಸ್ಥಳೀಯ ಆಡಳಿತ ಸಂಸ್ಥೆ) ಕೊಟ್ಟ ಕಟ್ಟಡ ಅನುಮತಿಯನ್ನು ರದ್ದು ಮಾಡುವ ಅಧಿಕಾರ, ಕೌನ್ಸಿಲ್‌ಗಳ ಮೇಲಿನ ದೂರು ವಿಚಾರಿಸುವ ಓಂಬುಡ್ಸ್‌ಮನ್‌ಗೆ ಇಲ್ಲ. ಕೌನ್ಸಿಲ್ ಆ ತೀರ್ಮಾನಕ್ಕೆ ಬಂದ ಕ್ರಮದಲ್ಲಿ ತಪ್ಪಿತ್ತೇ, ಅದರಿಂದ ನಿಮಗೆ ಅನ್ಯಾಯವಾಯಿತೇ ಎಂದಷ್ಟೇ ಅವರು ನೋಡುತ್ತಾರೆ.

ಹಾಗಾಗಿ ‘ಅವರು ಮಹಡಿ ಕಟ್ಟಿದರೆ ನಮಗೆ ಬಿಸಿಲೇ ಬರಲ್ಲ’ ಎಂದು ಬರೆದರೆ ಸಾಲದು. ಆ ಅರ್ಜಿಯ ಬಗ್ಗೆ ಕೌನ್ಸಿಲ್ ಅಧಿಕಾರಿ ಬರೆದ ವರದಿ ಸಾಮಾನ್ಯವಾಗಿ ಕೌನ್ಸಿಲ್ ವೆಬ್‌ಸೈಟಿನಲ್ಲೇ ಇರುತ್ತದೆ, ಸಾಲು ಸಾಲು ಓದಿ. ನಿಮ್ಮ ಅಡುಗೆಮನೆ ಕಿಟಕಿಯ ಮಾತೇ ಅದರಲ್ಲಿ ಇಲ್ಲವೇ? ನೀವು ಗಡುವಿನೊಳಗೆ ಕಳಿಸಿದ ಆಕ್ಷೇಪಣೆ ಬಿಟ್ಟುಹೋಗಿದೆಯೇ? ದೂರಿನ ಜೀವಾಳ ಅದೇ. ಆ ಪುಟದ ಪ್ರತಿ ತೆಗೆದಿಟ್ಟುಕೊಳ್ಳಿ.

ಮೊದಲು ಕೌನ್ಸಿಲ್‌ಗೇ ದೂರು ಕೊಟ್ಟು ಅವರ ಅಂತಿಮ ಉತ್ತರ ಪಡೆಯಿರಿ. ನಂತರ ಓಂಬುಡ್ಸ್‌ಮನ್ ಬಳಿಗೆ, ವಿಷಯ ನಿಮಗೆ ಗೊತ್ತಾದ 12 ತಿಂಗಳೊಳಗೆ ಹೋಗಬೇಕು, ಶುಲ್ಕವಿಲ್ಲ. ತಪ್ಪು ಸಾಬೀತಾದರೆ ಕ್ಷಮಾಪಣೆ, ಒಂದಿಷ್ಟು ಹಣ, ಕಚೇರಿಯ ಪದ್ಧತಿ ಬದಲಾವಣೆ ಇಂಥವನ್ನು ಶಿಫಾರಸು ಮಾಡುತ್ತಾರೆ.

ಅರ್ಜಿ ತಿರಸ್ಕೃತವಾದವರಿಗೆ ಪ್ಲಾನಿಂಗ್ ಇನ್‌ಸ್ಪೆಕ್ಟರೇಟ್‌ಗೆ (ಇಂಥ ಮೇಲ್ಮನವಿಗಳನ್ನು ನೋಡುವ ಸರ್ಕಾರಿ ಸಂಸ್ಥೆ) ಮೇಲ್ಮನವಿ ಸಲ್ಲಿಸುವ ಹಕ್ಕಿದೆ, ನೆರೆಯವರಿಗೆ ಇಲ್ಲ. ಇದು ನನಗೆ ಒಪ್ಪಿಗೆಯಾಗದ ಮಾತು, ಆದರೆ ಕಾನೂನು ಇರುವುದೇ ಹೀಗೆ. ಅನುಮತಿಯನ್ನೇ ಪ್ರಶ್ನಿಸಬೇಕಾದರೆ ಹೈಕೋರ್ಟೇ ದಾರಿ. ಅಲ್ಲಿ ಗಡುವು ಬರೀ 6 ವಾರ, ಖರ್ಚೂ ಭಾರಿ. ಓಂಬುಡ್ಸ್‌ಮನ್ ಉತ್ತರಕ್ಕೆ ಕಾಯುತ್ತ ಕೂತರೆ ಆ ಗಡುವು ದಾಟಿಹೋಗುತ್ತದೆ, ಮೊದಲೇ ವಕೀಲರನ್ನು ಕೇಳಿ.