ಆ ಪೇಪರ್ ಟೆಸ್ಟ್ ಕಾಯ್ಬೇಡಿ, ಸ್ಕ್ಯಾನ್ ಬಗ್ಗೆ ಕೇಳಿ

ಸಾರ್, ನೀವು ಕೇಳಿದ, ಮೇದೋಜೀರಕ ಗ್ರಂಥಿ (ಪ್ಯಾಂಕ್ರಿಯಾಸ್) ಕ್ಯಾನ್ಸರ್ ಪತ್ತೆ ಮಾಡೋ 3 ಸೆಂಟಿನ ಪೇಪರ್ ಟೆಸ್ಟು, ಅದೇ ಅಮೆರಿಕದ ಹುಡುಗ ಜ್ಯಾಕ್ ಆಂಡ್ರಾಕಂದು, ಹಾಸನದಲ್ಲಿರ್ಲಿ ಎಲ್ಲೂ ಸಿಗಲ್ಲ. 2012ರಲ್ಲಿ 15 ವರ್ಷಕ್ಕೇ ಇಂಟೆಲ್ ಸೈನ್ಸ್ ಫೇರ್‌ನಲ್ಲಿ 75,000 ಡಾಲರ್ ಪ್ರೈಜ್ ಹೊಡ್ದ, ಫಿಲ್ಟರ್ ಪೇಪರ್‌ಗೆ ಕಾರ್ಬನ್ ನ್ಯಾನೊಟ್ಯೂಬು (ಕಾರ್ಬನ್ನಿನ ತೀರಾ ಸಣ್ಣ ಕೊಳವೆ), ಜೊತೆಗೆ ಮೆಸೊಥೆಲಿನ್ ಅನ್ನೋ ಪ್ರೋಟೀನ್ ಹಿಡಿಯೋ ಆಂಟಿಬಾಡಿ ಸೇರ್ಸಿ, ಆ ಪ್ರೋಟೀನ್ ಅಂಟಿದ್ರೆ ಕರೆಂಟ್ ಹರಿಯೋದು ಎಷ್ಟು ಬದಲಾಗುತ್ತೆ ಅಂತ ನೋಡೋದು, ಐಡಿಯಾ ಸಕತ್ತಾಗಿದೆ ಬಿಡಿ. ಆದ್ರೆ ಮೆಸೊಥೆಲಿನ್ ಬೇರೆ ಕ್ಯಾನ್ಸರಲ್ಲೂ ಏರುತ್ತೆ, ಟೆಸ್ಟು ಮಾರ್ಕೆಟ್‌ಗೆ ಬರ್ಲೇ ಇಲ್ಲ.

ನಿಮ್ಮ ತಂದೆಗೆ 60 ದಾಟಿದ್ಮೇಲೆ ದಿಢೀರ್ ಶುಗರ್, ತೂಕ ಬೇರೆ ಇಳೀತಿದೆ ಅಂದ್ರಲ್ಲ, ಅದು ಈ ಕ್ಯಾನ್ಸರಿನ ಲಕ್ಷಣವೂ ಆಗಿರ್ಬೋದು, ಸುಮ್ನೆ ಬಿಡ್ಬೇಡಿ. ಸಕಲೇಶಪುರದಲ್ಲಿ ನಮ್ಮ ದೊಡ್ಡಪ್ಪ ಗ್ಯಾಸು ಗ್ಯಾಸು ಅಂತ ಸೋಡ ಕುಡ್ಕೊಂಡೇ ಇದ್ರು, ಬೆಲ್ಟ್‌ಗೆ ಮೊಳೆಯಲ್ಲಿ ಎರಡು ಹೊಸ ತೂತು ಬೇರೆ ಹೊಡ್ಕೊಂಡ್ರು, ಕಣ್ಣು ಅರಿಶಿನ ಆದ್ಮೇಲೇ ಆಸ್ಪತ್ರೆ ಮೆಟ್ಲು ಹತ್ತಿದ್ದು. ನೀವು ಹಾಸನದ ಹಿಮ್ಸ್ ಆಸ್ಪತ್ರೆಗೆ ಕರ್ಕೊಂಡ್ ಹೋಗಿ, ಮೇದೋಜೀರಕ ಗ್ರಂಥಿಗೆ ಕಾಂಟ್ರಾಸ್ಟ್ ಸಿಟಿ (ಔಷಧಿ ಕೊಟ್ಟು ತೆಗೆಯೋ ಸ್ಕ್ಯಾನ್) ಬೇಕಾ ಅಂತ ಡಾಕ್ಟರ್ ಹತ್ರ ಬಾಯ್ಬಿಟ್ಟು ಕೇಳಿ. ಬರೀ ಸಿಎ 19-9 ಅನ್ನೋ, ಈ ಕ್ಯಾನ್ಸರಿಗೆ ಮಾಡೋ ರಕ್ತಪರೀಕ್ಷೆ ನಂಬ್ಕೊಂಡು ಕೂರ್ಬೇಡಿ, ಕ್ಯಾನ್ಸರ್ ಇಲ್ದೆ ಬರೀ ಕಾಮಾಲೆ ಇದ್ರೂ ಅದು ಏರ್ಬೋದು, ಕೆಲವ್ರಲ್ಲಿ ಕ್ಯಾನ್ಸರ್ ಇದ್ರೂ ಏರಲ್ಲ.