ಕಪ್ಪೆ ಬಣ್ಣ ಬದಲಿಸಿದರೆ ಅರಿಶಿನ ಹಾಕಬೇಡಿ

ಮೇಡಂ, ಬಚ್ಚಲಲ್ಲಿ ಬೆಳ್ಳಗಿದ್ದ ಕಪ್ಪೆ ತಾರಸಿಯ ಕುಂಡದಲ್ಲಿ ಬೆಳಗಾಗುವಷ್ಟರಲ್ಲಿ ಕಪ್ಪಾಗಿದೆ, ಶಿಲೀಂಧ್ರ ಇರಬೇಕು, ಅರಿಶಿನದ ನೀರು ಸಿಂಪಡಿಸುತ್ತಿದ್ದೇನೆ ಎಂದು ಬರೆದಿದ್ದೀರಿ. ಮೊದಲು ಅದನ್ನು ನಿಲ್ಲಿಸಿ. ಫೋಟೊದಲ್ಲಿರುವುದು ಮರಗಪ್ಪೆ, ಬೆರಳ ತುದಿಯ ಗುಂಡು ಮೆತ್ತೆ ನೋಡಿ. ಬಣ್ಣ ಬದಲಿಸುವುದು ಅದಕ್ಕೆ ರೋಗವಲ್ಲ.

ಇದೇ ತಪ್ಪನ್ನು ನಾನೂ ಮಾಡಿದ್ದೇನೆ. ಬೆಂಗಳೂರಿನ ಬನಶಂಕರಿಯ ಮನೆಯಲ್ಲಿ ಒಂದು ಮಳೆಗಾಲ, ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಚೀಲದ ಮೇಲೆ ಕೂತ ಕಪ್ಪೆ ಕಾಫಿಪುಡಿಯ ಬಣ್ಣಕ್ಕೆ ತಿರುಗಿತ್ತು. ಬೇವಿನೆಣ್ಣೆ, ಸೋಪಿನ ನೀರು ಎರಡನ್ನೂ ಬೆರೆಸಿ ಹಾಕಿ, ಬಿಳಿ ಮಗ್ಗಿನಲ್ಲಿ ಕೂರಿಸಿದೆ. ಸ್ವಲ್ಪ ಹೊತ್ತಿಗೆ ಬಿಳಿಚಿಕೊಂಡಿತು! ಔಷಧ ಹಿಡಿಯಿತೆಂದು ಹಿಗ್ಗಿ ಸಂಜೆ ಇನ್ನೊಮ್ಮೆ ಹಾಕಿದೆ. ಗಂಟಲು ಪಟಪಟ ಬಡಿಯುತ್ತಿತ್ತು, ಅದು ಹೆದರಿದೆ ಅಂದುಕೊಂಡೆ. ಬೆಳಿಗ್ಗೆ ಮಗ್ಗಿನ ತಳದಲ್ಲಿ ಕಾಲು ಚಾಚಿ ಸತ್ತಿತ್ತು. ಬಿಳಿಚಿಸಿದ್ದು ಮಗ್ಗು, ಕೊಂದದ್ದು ನಾನು.

ಚರ್ಮದ ಕೋಶಗಳಲ್ಲಿ ಮೆಲನಿನ್ ಎಂಬ ಕಪ್ಪು ಬಣ್ಣದ ಕಣಗಳಿರುತ್ತವೆ. ಹರಡಿಕೊಂಡರೆ ಮೈ ಕಪ್ಪು, ಕೋಶದ ನಡುವಿಗೆ ಸರಿದರೆ ಬಿಳಿಚು. ಕಣ್ಣು ಕಂಡ ನೆಲಕ್ಕೆ ತಕ್ಕಂತೆ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಹಾರ್ಮೋನ್ ಅಪ್ಪಣೆ ಕೊಡುತ್ತದೆ. ಚಳಿ, ತೇವ ಇದ್ದರೆ ಕಪ್ಪಾಗುವುದು ಹೆಚ್ಚು, ಬಿಸಿಲು, ಒಣಹವೆಗೆ ತಿಳಿಯಾಗುತ್ತದೆ. ಬಚ್ಚಲಿನ ಟೈಲ್ಸ್ ಬಿಳಿ, ನಿಮ್ಮ ಕುಂಡದ ಮಣ್ಣು ಕಪ್ಪು, ಅಷ್ಟೇ. ಆದರೆ ತೊಡೆಯ ಒಳಭಾಗ ಕೆಂಪೇರಿದ್ದರೆ, ಮಗುಚಿ ಬಿಟ್ಟರೂ ತಿರುಗಿ ಏಳದಿದ್ದರೆ ಅದು ಬೇರೆ ಮಾತು, ರೋಗವಿರಬಹುದು. ಆಗಲೂ ಅಡುಗೆಮನೆಯ ಡಬ್ಬ ತೆರೆಯಬೇಡಿ. ಕಪ್ಪೆ ನೀರು ಕುಡಿಯುವುದೇ ಚರ್ಮದಿಂದ, ನೀವು ಹಾಕಿದ್ದೆಲ್ಲ ಒಳಗೇ ಹೋಗುತ್ತದೆ.

ನಲ್ಲಿಯಲ್ಲಿ ಬರುವ ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ತಟ್ಟೆಗೆ ಮಳೆನೀರು ಇಡಿ, ಇಲ್ಲದಿದ್ದರೆ ನಲ್ಲಿ ನೀರನ್ನು ಒಂದು ದಿನ ಅಗಲವಾದ ಪಾತ್ರೆಯಲ್ಲಿ ತೆರೆದಿಡಿ. ‘ಸಾವಯವ’ ಎಂದು ಹಸಿರು ಚೀಟಿ ಅಂಟಿಸಿ ದುಪ್ಪಟ್ಟು ಬೆಲೆಗೆ ಮಾರುವ ಬೇವಿನ ಬಾಟಲಿಗಳೂ ಕಪ್ಪೆಗೆ ಎಣ್ಣೆಯೇ. ಸಿಂಪಡಿಸಲೇಬೇಕಿದ್ದರೆ ಕಪ್ಪೆ ಕೂರುವ ಕುಂಡಗಳನ್ನು ಬಿಟ್ಟುಬಿಡಿ.

ಬಣ್ಣ ನೋಡಿ ತಪ್ಪು ತಿಳಿಯುವುದು ಕಪ್ಪೆಯೊಂದನ್ನೇ ಅಲ್ಲ. ಕಾಂಪೌಂಡಿನ ಮೇಲೆ ಓತಿಕೇತದ ತಲೆ, ಗಂಟಲು ಕೆಂಪಾದರೆ ರಕ್ತ ಹೀರಿದೆ ಎಂದು ಮಕ್ಕಳಿಗೆ ಹೇಳುವವರು ನಮ್ಮ ಈ ಕೈತೋಟದ ಗುಂಪಿನಲ್ಲೂ ಇದ್ದಾರೆ. ಅದು ಹೆಣ್ಣನ್ನು ಕರೆಯುವ ಗಂಡು, ಕಲ್ಲು ಹೊಡೆಸಬೇಡಿ. ಕಳೆದ ವಾರ ಇನ್ನೊಬ್ಬರು ಸೇವಂತಿಗೆಯಲ್ಲಿ ‘ಹಳದಿ ಕೀಟ’ ಎಂದು ಫೋಟೊ ಹಾಕಿದ್ದು ಏಡಿ ಜೇಡದ್ದು. ಬಿಳಿ ಹೂವಿಗೆ ಹೋದರೆ ಕೆಲವು ದಿನಗಳಲ್ಲಿ ಬಿಳಿಯಾಗುತ್ತದೆ. ಒಂದೆರಡು ಜೇನುಹುಳು ತಿನ್ನುತ್ತದೆ ನಿಜ, ನೊಣವನ್ನೂ ತಿನ್ನುತ್ತದೆ, ಇರಲಿ ಬಿಡಿ.