ಅಕ್ಕನ ಫೋನ್ ಯಾಕೆ ಎತ್ತಲಿಲ್ಲ?

ಈ ವಾರ ಬಂದ ಒಂದು ಪತ್ರ ಓದಿ ನನಗೆ ಸಿಟ್ಟೇ ಬಂತು. ಅಮ್ಮ ಆರು ತಿಂಗಳು ಅಕ್ಕನ ಮನೆ, ಆರು ತಿಂಗಳು ತಂಗಿ ಮನೆ ಅಂತ ಮೊದಲೇ ಮಾತಾಗಿತ್ತಂತೆ. ಈ ಸಲ ತಂಗಿಗೆ ಆಗಲ್ಲ. ಅದನ್ನು ಅಕ್ಕನಿಗೆ ವಾಟ್ಸಾಪಿನಲ್ಲಿ ಬರೆದು ಕಳಿಸಿದರು. ಬಂದ ಉತ್ತರ ಬರೀ ಒಂದು ಹೆಬ್ಬೆರಳು, ಆಮೇಲೆ ಮಾತೇ ಇಲ್ಲ. 'ನಾಲ್ಕು ಸಲ ಓದಿ ಮರ್ಯಾದೆಯಿಂದಲೇ ಬರೆದಿದ್ದೆ, ಇಷ್ಟು ಕೋಪ ಯಾಕೆ?' ಅಂತ ಕೇಳಿದ್ದಾರೆ.

ಮೆಸೇಜನ್ನೂ ಕಳಿಸಿದ್ದೀರಿ, ನೋಡಿದೆ. 'ಮೇಲ್ಕಂಡ ಕಾರಣಗಳಿಂದ ಈ ಬಾರಿ ಸಾಧ್ಯವಾಗುತ್ತಿಲ್ಲ, ದಯವಿಟ್ಟು ಸಹಕರಿಸಿ.' ಒಡಹುಟ್ಟಿದ ಅಕ್ಕನಿಗೆ ಸಹಕರಿಸಿ ಅಂತಾರಾ? ಕರೆಂಟ್ ತೆಗೆಯುವ ಮುಂಚೆ ಕೊಡುವ ಪ್ರಕಟಣೆ ಇದ್ದ ಹಾಗಿದೆ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಪತ್ರದ ಕೊನೆಯಲ್ಲಿ ನೀವು ಸುಮ್ನೆ ತೇಲಿಸಿಬಿಟ್ಟ ಸಾಲು. ಅವತ್ತು ರಾತ್ರಿ ಅಕ್ಕ ಎರಡು ಸಲ ಫೋನ್ ಮಾಡಿದ್ದರು, ನಿಮಗೆ ಸುಸ್ತಾಗಿತ್ತು, ಎತ್ತಲಿಲ್ಲ, 'ಏನಿದ್ರೂ ಮೆಸೇಜ್ ಮಾಡು' ಅಂತ ಹಾಕಿದಿರಿ. ಹೆಬ್ಬೆರಳು ಬಂದದ್ದು ಅದಾದ ಮೇಲೆ. ನೀವು ಹೇಳಿದ ಹಾಗೇ ಮಾಡಿದ್ದಾರೆ, ಅಲ್ವಾ? ಫೋನ್ ಎತ್ತಿದ್ದರೆ ಅವರು 'ಎರಡು ತಿಂಗಳು ಬಿಟ್ಟು ಆಗುತ್ತಾ?' ಅಂತ ಕೇಳುತ್ತಿದ್ದರೋ ಏನೋ. ಬೈಯುತ್ತಿದ್ದರು, ನೀವು ಅಳುತ್ತಿದ್ದಿರಿ, ನಡುವೆ ಏನೋ ಒಂದು ದಾರಿ ಸಿಗುತ್ತಿತ್ತು. ಬರೆದು ಕಳಿಸಿದ್ದರಿಂದ ತೀರ್ಮಾನ ಮುಗಿಸಿಯೇ ಕೈಗೆ ಕೊಟ್ಟ ಹಾಗಾಯಿತು.

ನಾಲ್ಕು ಸಲ ಓದಿದ್ದೂ ಉಪಯೋಗವಿಲ್ಲ. ಓದಿದ್ದು ನಿಮ್ಮದೇ ದನಿಯಲ್ಲಿ. ಮನಶ್ಶಾಸ್ತ್ರಜ್ಞರಾದ ಕ್ರೂಗರ್, ಎಪ್ಲಿ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ವ್ಯಂಗ್ಯವೋ ನಿಜವೋ ಅನ್ನುವುದು ಇಮೇಲ್ ಓದಿದವರಿಗೆ ನೂರಕ್ಕೆ 78 ಸಲ ಗೊತ್ತಾಗುತ್ತದೆ ಅಂತ ಬರೆದವರು ನಂಬಿದ್ದರು. ಗೊತ್ತಾಗಿದ್ದು 56 ಸಲ. ನಾಣ್ಯ ಚಿಮ್ಮಿದರೂ ಹೆಚ್ಚುಕಮ್ಮಿ ಅಷ್ಟು ಸಿಗುತ್ತದೆ! ಅದೇ ಮಾತನ್ನು ದನಿಯಲ್ಲಿ ಕೇಳಿಸಿಕೊಂಡವರು ಸುಮಾರು ಮುಕ್ಕಾಲು ಪಾಲು ಸರಿಯಾಗಿ ಹೇಳಿದರು.

ಇನ್ನು ನಿಮ್ಮ ಯಜಮಾನರು. 'ಬರವಣಿಗೆಯಲ್ಲೇ ಇರಲಿ, ನಾಳೆ ಮಾತು ಬದಲಾಗಬಾರದು' ಅಂದರಂತೆ. ನಿಮಗಿಂತ ಜಾಸ್ತಿ ಕೋಪ ನನಗೆ ಅವರ ಮೇಲೆ. ದಾಖಲೆ ಇಟ್ಟುಕೊಳ್ಳುವುದು ನಾಳೆ ಜಗಳಕ್ಕೆ ನಿಲ್ಲುವವರ ಜೊತೆ. ಅಕ್ಕನಿಗೆ ಅದು ಅರ್ಥವಾಗದೆ ಇರುತ್ತದಾ? ವಿಳಾಸ, ತಾರೀಖು, ಲೆಕ್ಕ ಮೆಸೇಜಿನಲ್ಲಿರಲಿ, ಬೇಡ ಅನ್ನುವ ಮಾತು ಬಾಯಿಂದಲೇ ಬರಲಿ ಅಂತ ಇಲ್ಲಿ ಎಷ್ಟು ಸಲ ಬರೆದಿದ್ದೇನೋ.

ಇವತ್ತೇ ಫೋನ್ ಮಾಡಿ. ಮುಂಚೆ 'ಫ್ರೀ ಇದ್ದೀಯಾ' ಅಂತ ಮೆಸೇಜ್ ಬೇಡ. ವಾಯ್ಸ್ ಮೆಸೇಜೂ ಬೇಡ, ಅದರಲ್ಲಿ ಅಕ್ಕ ನಡುವೆ ಬಾಯಿ ಹಾಕೋಕೆ ಆಗಲ್ಲ. ಆಗಲ್ಲ ಅನ್ನುವುದನ್ನು ನೀವು ಬದಲಾಯಿಸಲೇಬೇಕು ಅಂತಿಲ್ಲ. ಅವರು ಎತ್ತದಿದ್ದರೆ ನಾಳೆ ಮತ್ತೆ ಮಾಡಿ. ಯಜಮಾನರು ಮನೆಯಲ್ಲಿ ಇಲ್ಲದ ಹೊತ್ತು ನೋಡಿಕೊಂಡು ಮಾಡಿ.